ಹಳೇ ಬೇಸ್‌ಬಾಲ್ ಕಾರ್ಡ್ ಆಟ ಕೈಗೆ ಸಿಕ್ಕರೆ ಅದರ ಹುಟ್ಟು, ಹಕ್ಕು ಪತ್ತೆ ಮಾಡುವುದು ಹೇಗೆ?

ಅಮೆರಿಕದ ಗರಾಜ್ ಸೇಲ್‌ಗಳಲ್ಲಿ, ಹಳೇ ಸಾಮಾನಿನ ಅಂಗಡಿಗಳಲ್ಲಿ, ಆನ್‌ಲೈನ್ ಹರಾಜುಗಳಲ್ಲಿ ಒಂದು ಬಗೆಯ ಸಣ್ಣ ರಟ್ಟಿನ ಡಬ್ಬ ಆಗಾಗ ಕಣ್ಣಿಗೆ ಬೀಳುತ್ತದೆ. ಒಳಗೆ ಇಸ್ಪೀಟ್ ಎಲೆಯಂಥ ಕಾರ್ಡುಗಳು. ಒಂದೊಂದರ ಮೇಲೂ ಬೇಸ್‌ಬಾಲ್ ಆಟಗಾರನ ಚಿತ್ರ, ಜೊತೆಗೆ ‘ಔಟ್’, ‘ಸ್ಟ್ರೈಕ್’, ‘ಹೋಮ್ ರನ್’ ಅಂತ ಏನೋ ಒಂದು ಫಲಿತಾಂಶ. ಮಾರುವವರು ನೂರು ವರ್ಷದ ಹಳೇ ಮಾಲು ಅಂತಾರೆ. ಇರಬಹುದು. ಆದರೆ ಅದನ್ನು ಯಾರು ಕಂಡುಹಿಡಿದರು, ಯಾವ ಕಾಲದಲ್ಲಿ ಅಚ್ಚಾಯಿತು, ಆ ಹೆಸರಿನ ಮೇಲೆ ಯಾರಿಗೆ ಹಕ್ಕಿತ್ತು ಅನ್ನೋದಕ್ಕೆ ಮಾರುವವರ ಮಾತನ್ನೇ ನಂಬಬೇಕಾಗಿಲ್ಲ. ಮುಕ್ಕಾಲು ಪಾಲು ಉತ್ತರ ಡಬ್ಬದ ಮೇಲೇ ಇರುತ್ತದೆ. ಓದುವ ಕ್ರಮ ಗೊತ್ತಿರಬೇಕು.

ಆಟ ಸರಳ. ಶಾಲೆಯಲ್ಲಿ ಬುಕ್ ಕ್ರಿಕೆಟ್ ಆಡಿದವರಿಗೆ ತಕ್ಷಣ ಅರ್ಥವಾಗುತ್ತದೆ: ಅಲ್ಲಿ ಪುಟ ತೆರೆದು ರನ್ ಎಣಿಸುತ್ತಿದ್ದೆವು, ಇಲ್ಲಿ ಕಾರ್ಡು ಎಳೆದು ನೋಡುತ್ತಾರೆ. ‘ಡಬಲ್’ ಬಂದರೆ ಬ್ಯಾಟರ್ ಎರಡನೇ ಬೇಸ್‌ಗೆ (ಓಡಿ ಮುಟ್ಟಬೇಕಾದ ನಿಲ್ದಾಣಕ್ಕೆ) ಹೋದ, ‘ಔಟ್’ ಬಂದರೆ ಹೊರಗೆ. ಮೂರು ಔಟ್ ಆದರೆ ಎದುರಾಳಿಯ ಸರದಿ.

ಮೊದಲು: ಇದು ಆಟದ ಕಾರ್ಡೋ, ಜಾಹೀರಾತಿನ ಕಾರ್ಡೋ?

ಹಳೇ ಬೇಸ್‌ಬಾಲ್ ಕಾರ್ಡುಗಳಲ್ಲಿ ಜಾಸ್ತಿ ಸಿಗುವುದು ಸಿಗರೇಟು, ಕ್ಯಾರಮೆಲ್, ಚೂಯಿಂಗ್ ಗಮ್ ಜೊತೆಗೆ ಪುಕ್ಕಟೆ ಕೊಡುತ್ತಿದ್ದವು. ಅವುಗಳ ಬೆನ್ನಿನ ಮೇಲೆ ಸಾಮಾನ್ಯವಾಗಿ ಆ ಸರಕಿನ ಹೆಸರಿರುತ್ತದೆ. ಆಟದ ಕಾರ್ಡುಗಳ ಬೆನ್ನು ಹಾಗಿರಲ್ಲ. ಎಲ್ಲದಕ್ಕೂ ಒಂದೇ ವಿನ್ಯಾಸ, ಏಕೆಂದರೆ ಬೆನ್ನು ನೋಡಿ ಕಾರ್ಡು ಗುರುತಿಸುವ ಹಾಗಿದ್ದರೆ ಆಟವೇ ಕೆಡುತ್ತದೆ ಅಲ್ವಾ? ಮೂಲೆಗಳೂ ಬಹಳಷ್ಟು ಸಲ ಇಸ್ಪೀಟಿನ ಹಾಗೆ ದುಂಡಗಿರುತ್ತವೆ. ಬೆನ್ನು ಒಂದೇ ಥರ, ಮೂಲೆ ದುಂಡಗೆ, ಎದುರಿಗೆ ಆಟದ ಫಲಿತಾಂಶ. ಈ ಮೂರೂ ಕೂಡಿ ಬಂದರೆ ಅದು ಆಟದ ಕಾರ್ಡು.

ಹವ್ಯಾಸಿಗಳ ಪಟ್ಟಿಯಲ್ಲಿ ಇವಕ್ಕೆ ‘ಡಬ್ಲ್ಯುಜಿ’ ಅಂತ ಶುರುವಾಗುವ ನಂಬರ್ ಇರುತ್ತದೆ. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿದ್ದ ಜೆಫರ್ಸನ್ ಬರ್ಡಿಕ್ ಅನ್ನುವವರು 1939ರಲ್ಲಿ ಮೊದಲು ಹೊರತಂದ, ಆಮೇಲೆ ತಿದ್ದಿ ಬೆಳೆಸಿದ ಕಾರ್ಡುಗಳ ಪಟ್ಟಿಯಿಂದ ಬಂದ ಕ್ರಮ ಅದು. ಅವರು ಶ್ರೀಮಂತರಲ್ಲ, ವಿದ್ಯುತ್ ಸಾಮಾನಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಸಂಧಿವಾತದಿಂದ ಕೈಕಾಲು ಬಿಗಿದಿದ್ದರೂ ಮೂರು ಲಕ್ಷಕ್ಕೂ ಹೆಚ್ಚು ಕಾರ್ಡು, ಚಿತ್ರಗಳನ್ನು ಕೂಡಿಸಿ, ವಿಂಗಡಿಸಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ದಾನ ಕೊಟ್ಟರು. ಇವತ್ತು ನಾವು ಒಂದು ಹಳೇ ಕಾರ್ಡಿಗೆ ಹೆಸರು ಹೇಳುತ್ತೇವೆ ಅಂದರೆ ಅದರಲ್ಲಿ ಅವರ ಋಣ ದೊಡ್ಡದು.

ಆಮೇಲೆ: ಮೂರು ಹಕ್ಕುಗಳನ್ನು ಬೇರೆ ಬೇರೆಯಾಗಿ ಓದಿ

ಎಲ್ಲ ಗೊಂದಲ ಹುಟ್ಟುವುದು ಇಲ್ಲೇ. ಡಬ್ಬದ ಮೇಲೆ ‘ಪೇಟೆಂಟೆಡ್’ ಅಂತಿರಬಹುದು, ‘ಕಾಪಿರೈಟ್’ ಅಂತಿರಬಹುದು, ‘ಟ್ರೇಡ್ ಮಾರ್ಕ್’ ಅಂತಲೂ ಇರಬಹುದು. ಮೂರೂ ಒಂದೇ ಅಂದುಕೊಂಡರೆ ಮುಂದಿನ ಹುಡುಕಾಟವೆಲ್ಲ ದಾರಿ ತಪ್ಪುತ್ತದೆ. ಆಟ ನಡೆಯುವ ಹೊಸ ವಿಧಾನಕ್ಕೋ ಸಲಕರಣೆಗೋ ಸಿಗುವುದು ಪೇಟೆಂಟ್. ಅಚ್ಚಾದ ಚಿತ್ರ, ನಿಯಮದ ಬರಹಕ್ಕೆ ಕಾಪಿರೈಟ್. ಸರಕು ಮಾರುವ ಹೆಸರಿಗೆ, ಗುರುತಿಗೆ ಟ್ರೇಡ್‌ಮಾರ್ಕ್. ಮೊದಲ ಎರಡಕ್ಕೆ ಆಯಸ್ಸು ಗೊತ್ತು ಮಾಡಿರುತ್ತಾರೆ. ಟ್ರೇಡ್‌ಮಾರ್ಕ್ ಹಾಗಲ್ಲ, ಹೆಸರನ್ನು ಬಳಸುತ್ತಾ ನವೀಕರಿಸುತ್ತಾ ಇದ್ದರೆ ಅದು ಉಳಿಯುತ್ತಲೇ ಹೋಗುತ್ತದೆ.

ಈಗ ಒಂದು ಭೂತಗನ್ನಡಿ, ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಡಬ್ಬದ ಮುಚ್ಚಳ, ನಾಲ್ಕೂ ಪಕ್ಕ, ತಳ, ನಿಯಮದ ಹಾಳೆ, ಕಾರ್ಡಿನ ಅಂಚು, ಎಲ್ಲೆಲ್ಲಿ ಅಕ್ಷರ ಇದೆಯೋ ಎಲ್ಲವನ್ನೂ ಇದ್ದ ಹಾಗೇ ಬರೆದುಕೊಳ್ಳಿ. ಚುಕ್ಕಿ, ಅಲ್ಪವಿರಾಮವನ್ನೂ ಬಿಡಬೇಡಿ.

ಪೇಟೆಂಟ್ ತಾರೀಕು ಮಂಗಳವಾರವೇ?

1848ರಿಂದ ಈಚೆಗೆ ಅಮೆರಿಕದಲ್ಲಿ ಪೇಟೆಂಟ್ ಕೊಡುತ್ತಾ ಬಂದಿರುವುದು ಮಂಗಳವಾರದ ದಿನ. ಹಾಗಾಗಿ ಡಬ್ಬದ ಮೇಲೆ ‘ಪೇಟೆಂಟೆಡ್’ ಅಂತ ಪೂರ್ತಿ ತಾರೀಕಿದ್ದರೆ ಕ್ಯಾಲೆಂಡರ್ ತೆಗೆದು ವಾರ ನೋಡಿ. ನ್ಯೂಯಾರ್ಕಿನ ಎಂಪೈರ್ ಕ್ಲಬ್‌ನ ಆಟಗಾರ ಫ್ರಾನ್ಸಿಸ್ ಸೀಬ್ರಿಂಗ್ ಮನೆಯೊಳಗೆ ಆಡುವ ಬೇಸ್‌ಬಾಲ್ ಆಟವೊಂದಕ್ಕೆ ಪೇಟೆಂಟ್ ಪಡೆದದ್ದು 1868ರ ಫೆಬ್ರವರಿ 4ರಂದು. ಲೆಕ್ಕ ಹಾಕಿದರೆ ಮಂಗಳವಾರವೇ ಬರುತ್ತದೆ. ಅದು ಕಾರ್ಡಿನ ಆಟವಲ್ಲ. ಹಲಗೆಯ ಮೇಲೆ ಸ್ಪ್ರಿಂಗ್ ನಾಣ್ಯವನ್ನು ಎಸೆಯುತ್ತದೆ, ಇನ್ನೊಂದು ಸ್ಪ್ರಿಂಗ್ ಪುಟ್ಟ ಬ್ಯಾಟನ್ನು ಬೀಸುತ್ತದೆ. ಆದರೂ ಮೈದಾನದ ಆಟವನ್ನು ಮನೆಯ ಮೇಜಿಗೆ ತಂದ ಮೊದಲಿಗರಲ್ಲಿ ಈತನೂ ಒಬ್ಬ. ಕಾರ್ಡಿನ ಆಟಗಳೂ ಇದೇ ದಾರಿ ಹಿಡಿದು ಬಂದವು.

ನೀವು ನೋಡಿದ ತಾರೀಕು ಮಂಗಳವಾರ ಅಲ್ಲದಿದ್ದರೆ ಎರಡು ಸಾಧ್ಯತೆ: ಅದು ಅರ್ಜಿ ಹಾಕಿದ ದಿನ ಇರಬಹುದು, ಅಥವಾ ಇಡೀ ಡಬ್ಬವೇ ಅನುಮಾನದ್ದು ಇರಬಹುದು. ‘ಪೇಟೆಂಟ್ ಅಪ್ಲೈಡ್ ಫಾರ್’ ಅಂತಿದ್ದರೆ ಅರ್ಜಿ ಹಾಕಿದ್ದರು ಅನ್ನೋದಷ್ಟೇ ಗೊತ್ತಾಗುತ್ತದೆ. ಪೇಟೆಂಟ್ ಸಿಕ್ಕಿತೋ ಇಲ್ಲವೋ ಅದನ್ನು ನೋಡಿ ಹೇಳೋಕಾಗಲ್ಲ.

ಇನ್ನೊಂದು ಗುರುತು ಇದೆ. 1927ರ ಏಪ್ರಿಲ್ 1ರ ನಂತರ ಕೊಟ್ಟ ಪೇಟೆಂಟ್‌ಗಳಿಗೆ ಸರಕಿನ ಮೇಲೆ ನಂಬರ್ ಹಾಕಬೇಕು ಅಂತ ಕಾನೂನಾಯಿತು. ಅದಕ್ಕೂ ಮುಂಚೆ ತಾರೀಕು ಹಾಕಿದರೆ ಸಾಕಿತ್ತು. ಬರೀ ತಾರೀಕಿದ್ದರೆ ಹಳೆಯ ಪೇಟೆಂಟ್, ನಂಬರ್ ಇದ್ದರೆ ಹೆಚ್ಚಾಗಿ ಆಮೇಲಿನದು.

1884ರಲ್ಲಿ ಬಾಸ್ಟನ್‌ನ ಥಾಮಸ್ ಲಾಸನ್ ಹೊರತಂದ ಬೇಸ್‌ಬಾಲ್ ಕಾರ್ಡ್ ಆಟದ ಹೆಸರಿನಲ್ಲೇ ‘ಪೇಟೆಂಟ್’ ಅನ್ನೋ ಮಾತಿತ್ತು. ಆಗಿನ ವ್ಯಾಪಾರದಲ್ಲಿ ಅದು ಜನರನ್ನು ಸೆಳೆಯುವ ಮಾತು. ಈ ಲಾಸನ್ ಮುಂದೆ ಷೇರುಪೇಟೆಯಲ್ಲಿ ದೊಡ್ಡ ಹೆಸರು ಮಾಡಿದ. 1902ರಲ್ಲಿ ಕಟ್ಟಿದ, ಏಳು ಕೂವೆಮರಗಳ ದೊಡ್ಡ ಹಾಯಿಹಡಗಿಗೂ ಅವನ ಹೆಸರನ್ನೇ ಇಟ್ಟರು. ಅಂಥವನು ಎಳೇ ವಯಸ್ಸಿನಲ್ಲಿ ಇಸ್ಪೀಟಿನ ಹಾಗೆ ಕೈಯಲ್ಲಿ ಹಿಡಿದು ಆಡುವ ಬೇಸ್‌ಬಾಲ್ ಮಾರಿದ ಅನ್ನೋದು ನನಗೆ ಈ ಚರಿತ್ರೆಯಲ್ಲಿ ಬಹಳ ಇಷ್ಟವಾದ ಸಂಗತಿ. ಅವನ ಕಾರ್ಡುಗಳಲ್ಲಿ ಹೆಸರಾಂತ ಆಟಗಾರರ ಫೋಟೋ ಇಲ್ಲ. ಆಟವೇ ಮುಖ್ಯ.

ಕಾಪಿರೈಟ್ ಸಾಲನ್ನು ಹೀಗೆ ಓದಿ

‘ಕಾಂಗ್ರೆಸ್‌ನ (ಅಂದರೆ ಅಮೆರಿಕದ ಸಂಸತ್ತಿನ) ಕಾಯಿದೆಯಂತೆ ಇಂಥ ವರ್ಷ ದಾಖಲಾಗಿದೆ’ ಅನ್ನುವ ಉದ್ದ ಇಂಗ್ಲಿಷ್ ಸಾಲು ಕಂಡರೆ ಕೊನೆಯವರೆಗೂ ಓದಿ. ಜಿಲ್ಲಾ ನ್ಯಾಯಾಲಯದ ಗುಮಾಸ್ತರ ಕಚೇರಿಯಲ್ಲಿ ದಾಖಲು ಅಂತಿದ್ದರೆ 1870ಕ್ಕಿಂತ ಮುಂಚಿನದು. ವಾಷಿಂಗ್ಟನ್‌ನ ಲೈಬ್ರೇರಿಯನ್ ಆಫ್ ಕಾಂಗ್ರೆಸ್ ಕಚೇರಿ ಅಂತಿದ್ದರೆ ಆಮೇಲಿನದು, ಏಕೆಂದರೆ ಆ ವರ್ಷವೇ ಕೆಲಸ ಅಲ್ಲಿಗೆ ಹೋಯಿತು. ‘ಕಾಪಿರೈಟ್’, ವರ್ಷ, ಹೆಸರು ಅನ್ನುವ ಚಿಕ್ಕ ರೂಪಕ್ಕೆ 1874ರಲ್ಲಿ ಒಪ್ಪಿಗೆ ಸಿಕ್ಕಿತು. ವೃತ್ತದೊಳಗೆ ಸಿ ಬರೆಯುವ ರೂಢಿ 1909ರ ಕಾನೂನಿನಿಂದ ಬಂತು.

ಆದರೆ ಕಾಪಿರೈಟ್ ವರ್ಷ ಅಂದರೆ ಅಚ್ಚಾದ ವರ್ಷ ಅಂತ ತೀರ್ಮಾನಿಸಬೇಡಿ. ಸಿನ್ಸಿನಾಟಿಯ ಫ್ಯಾನ್ ಕ್ರೇಜ್ ಕಂಪನಿಯ ಆಟವನ್ನೇ ನೋಡಿ. ಅಲ್ಲಿನ ಎರಡು ದೊಡ್ಡ ಬೇಸ್‌ಬಾಲ್ ಲೀಗ್‌ಗಳಲ್ಲಿ ಅಮೆರಿಕನ್ ಲೀಗ್ ಆಟಗಾರರ ಕಾರ್ಡುಗಳು ನೀಲಿ ಬೆನ್ನಿನವು, ನ್ಯಾಷನಲ್ ಲೀಗ್‌ನವು ಕೆಂಪು ಬೆನ್ನಿನವು. ಕಾಪಿರೈಟ್ 1904ರದು ಅಂತ ಕೆಲವರು ಎರಡನ್ನೂ 1904 ಅಂತಾರೆ. ಬೇರೆ ಪಟ್ಟಿಗಳಲ್ಲಿ 1906 ಅಂತ ಇರುತ್ತದೆ. ಕಾಪಿರೈಟ್ ವರ್ಷ ಹೇಳುವುದು ಇಷ್ಟೇ: ಇದಕ್ಕಿಂತ ಮುಂಚೆ ಇದು ಇರಲಿಲ್ಲ. ಎಲ್ಲಿಯವರೆಗೆ ಅಚ್ಚಾಯಿತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕು.

ಟ್ರೇಡ್‌ಮಾರ್ಕ್ ಗುರುತು ತಾನೇ ಕಾಲ ಹೇಳುತ್ತದೆ

ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಮೊದಲ ಟ್ರೇಡ್‌ಮಾರ್ಕ್ ಕಾನೂನು ಬಂದದ್ದು 1870ರಲ್ಲಿ. ಒಂಬತ್ತು ವರ್ಷ ಕಳೆಯುವಷ್ಟರಲ್ಲಿ, 1879ರಲ್ಲಿ, ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ನಕಲಿ ಶಾಂಪೇನ್ ಮತ್ತು ವಿಸ್ಕಿ ಲೇಬಲ್‌ಗಳ ಮೊಕದ್ದಮೆ ಅದು. ಸಂವಿಧಾನದ ಪೇಟೆಂಟ್, ಕಾಪಿರೈಟ್ ಅಧಿಕಾರದಡಿ ವ್ಯಾಪಾರದ ಗುರುತಿಗೆ ಕಾನೂನು ಮಾಡೋಕಾಗಲ್ಲ ಅಂತ ಕೋರ್ಟ್ ಹೇಳಿತು. 1881ರಲ್ಲಿ ಹೊಸ ಕಾನೂನು ಬಂತು, ಆದರೆ ಅದು ವಿದೇಶಗಳ ಜೊತೆ ಮತ್ತು ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳ ಜೊತೆ ನಡೆಯುವ ವ್ಯಾಪಾರಕ್ಕೆ ಮಾತ್ರ. ದೇಶದೊಳಗೆ ರಾಜ್ಯದಿಂದ ರಾಜ್ಯಕ್ಕೆ ಮಾರುವ ಸರಕಿಗೆ ನೋಂದಣಿ ಸಿಕ್ಕಿದ್ದು 1905ರ ಕಾನೂನಿನಿಂದ.

ಇದು ಯಾಕೆ ಮುಖ್ಯ? 1880ರ, 1890ರ ದಶಕದ ಬೇಸ್‌ಬಾಲ್ ಆಟಗಳ ಹೆಸರು ವಾಷಿಂಗ್ಟನ್ ದಾಖಲೆಯಲ್ಲಿ ಸಿಗದಿದ್ದರೆ ಬೇಜಾರಾಗಬೇಡಿ. ನೋಂದಾಯಿಸುವ ದಾರಿಯೇ ಆಗ ಕಿರಿದಾಗಿತ್ತು. ಬಳಕೆಯಿಂದಲೇ ಹುಟ್ಟುವ ಹಕ್ಕನ್ನು, ರಾಜ್ಯಗಳ ಕಾನೂನನ್ನು ನಂಬಿ ವ್ಯಾಪಾರ ನಡೆಯುತ್ತಿತ್ತು.

ಗುರುತುಗಳನ್ನು ಹೀಗೆ ಓದಿ. ‘ರೆಗ್. ಯು.ಎಸ್. ಪ್ಯಾಟ್. ಆಫ್.’ ಅಂತ ಹೆಸರಿನ ಪಕ್ಕ ಇದ್ದರೆ 1905 ಅಥವಾ ಆಮೇಲೆ. ಆ ಮಾತಿನ ರೂಪವನ್ನು ಆ ಕಾನೂನೇ ಕೊಟ್ಟಿತು. ಅದರಲ್ಲಿರುವ ‘ಪ್ಯಾಟ್.’ ನೋಡಿ ಆಟಕ್ಕೆ ಪೇಟೆಂಟ್ ಇದೆ ಅಂದುಕೊಳ್ಳುವವರು ಬಹಳ ಜನ. ಅಲ್ಲಿ ಹೇಳಿರುವುದು ಪೇಟೆಂಟ್ ಕಚೇರಿಯಲ್ಲಿ ಹೆಸರು ನೋಂದಣಿಯಾಗಿದೆ ಅಂತ, ಅಷ್ಟೇ. ವೃತ್ತದೊಳಗೆ ಆರ್ ಇದ್ದರೆ ಅದು 1946ರ ಲ್ಯಾನ್‌ಹ್ಯಾಮ್ ಕಾಯಿದೆಯಿಂದ ಬಂದದ್ದು, ಆ ಕಾಯಿದೆ ಜಾರಿಯಾದದ್ದು 1947ರ ಜುಲೈನಲ್ಲಿ. 1913ರ ಆಟ ಅಂತ ಮಾರುವ ಡಬ್ಬದ ಮೇಲೆ ವೃತ್ತದ ಆರ್ ಕಂಡರೆ ಸುಮ್ನೆ ಅಲ್ಲೇ ಇಟ್ಟು ಬನ್ನಿ.

ವಿಳಾಸವನ್ನೂ ನೋಡಿ. ಊರಿನ ಹೆಸರಿನ ಮುಂದೆ ಒಂದೆರಡು ಅಂಕಿಯ ಅಂಚೆ ವಲಯ ಇದ್ದರೆ 1943ರ ನಂತರ, ಐದಂಕಿಯ ಜಿಪ್ ಕೋಡ್ ಇದ್ದರೆ 1963ರ ನಂತರ. ಕಂಪನಿ ಕೈಬದಲಾದ ವರ್ಷವೂ ಸಹಾಯಕ್ಕೆ ಬರುತ್ತದೆ. ಬಣ್ಣಬಣ್ಣದ ಬೇಸ್‌ಬಾಲ್ ಆಟಗಳಿಗೆ ಹೆಸರಾಗಿದ್ದ ನ್ಯೂಯಾರ್ಕಿನ ಮೆಕ್‌ಲಾಕ್ಲಿನ್ ಬ್ರದರ್ಸ್ ಸಂಸ್ಥೆಯನ್ನು 1920ರಲ್ಲಿ ಮಿಲ್ಟನ್ ಬ್ರ್ಯಾಡ್ಲಿ ಕೊಂಡುಕೊಂಡಿತು.

ಆಟಗಾರರು ಮತ್ತು ನಿಯಮದ ಹಾಳೆ: ಗಟ್ಟಿ ಸಾಕ್ಷಿ

ತಾರೀಕೇ ಇಲ್ಲದ ಡಬ್ಬ ಸಿಕ್ಕರೆ ಆಟಗಾರರು ಯಾವ ತಂಡದಲ್ಲಿದ್ದಾರೆ ನೋಡಿ. ಡಬ್ಲ್ಯುಜಿ 1 ಅಂತ ಕರೆಯುವ ಆಟದಲ್ಲಿ 72 ಕಾರ್ಡು, ನ್ಯಾಷನಲ್ ಲೀಗ್‌ನ ಎಂಟು ತಂಡಗಳಿಂದ ಒಂಬತ್ತೊಂಬತ್ತು ಜನ. ಅದರಲ್ಲಿ ಡೆಟ್ರಾಯಿಟ್ ತಂಡವೂ ಇದೆ, ಇಂಡಿಯಾನಾಪೊಲಿಸ್ ತಂಡವೂ ಇದೆ. ಆ ಡೆಟ್ರಾಯಿಟ್ ಕ್ಲಬ್ 1888ರ ಸೀಸನ್ ಮುಗಿದ ಮೇಲೆ ಮುಚ್ಚಿಹೋಯಿತು. ಇಂಡಿಯಾನಾಪೊಲಿಸ್ ಲೀಗ್‌ಗೆ ಬಂದದ್ದು 1887ರಲ್ಲಿ. ಎರಡೂ ಒಟ್ಟಿಗೆ ಇರಬೇಕು ಅಂದರೆ ಉಳಿಯುವುದು 1887 ಮತ್ತು 1888 ಮಾತ್ರ. ಒಬ್ಬೊಬ್ಬ ಆಟಗಾರನನ್ನೂ ಹೀಗೇ ಜರಡಿ ಹಿಡಿದರೆ ವರ್ಷ ಒಂದಕ್ಕೆ ಬಂದು ನಿಲ್ಲುತ್ತದೆ. ಈ ಕೆಲಸಕ್ಕೆ ಹಣ ಬೇಡ, ಬೇಸ್‌ಬಾಲ್ ಅಂಕಿಅಂಶದ ಜಾಲತಾಣಗಳಲ್ಲಿ ಪ್ರತಿ ಆಟಗಾರನ ತಂಡ, ವರ್ಷ ಪುಕ್ಕಟೆ ಸಿಗುತ್ತದೆ.

1913ರ ಸುತ್ತ ಮೂರು ಆಟಗಳು ಬಂದವು: ನ್ಯಾಷನಲ್ ಗೇಮ್, ಟಾಮ್ ಬಾರ್ಕರ್, ಪೋಲೋ ಗ್ರೌಂಡ್ಸ್. ಮೊದಲ ಎರಡರ ಎದುರು ಭಾಗ ಬಹಳ ಹೋಲುತ್ತದೆ, ಬಿಡಿ ಕಾರ್ಡು ಸಿಕ್ಕಾಗ ಬೆನ್ನು ನೋಡದೆ ಯಾವುದು ಅಂತ ಹೇಳಬೇಡಿ. ಮೂರನೆಯದರ ಬೆನ್ನಿನ ಮೇಲೆ ನ್ಯೂಯಾರ್ಕಿನ ಆ ಮೈದಾನದ ನೋಟವೇ ಇದೆ. ಶೂಲೆಸ್ ಜೋ ಜಾಕ್ಸನ್ ಕ್ಲೀವ್‌ಲ್ಯಾಂಡ್ ತಂಡದಲ್ಲಿದ್ದರೆ 1915ರ ಆಗಸ್ಟ್ ಒಳಗೆ, ಏಕೆಂದರೆ ಆ ತಿಂಗಳು ಅವನು ಶಿಕಾಗೊಗೆ ಹೋದ. ಸೈ ಯಂಗ್ ಬಾಸ್ಟನ್‌ನ ಅಮೆರಿಕನ್ ಲೀಗ್ ತಂಡದಲ್ಲಿದ್ದರೆ 1901ರಿಂದ 1908ರೊಳಗೆ.

ನಿಯಮದ ಹಾಳೆ ಇದ್ದರೆ ನಿಮ್ಮ ಅದೃಷ್ಟ. ಎಷ್ಟು ‘ಬಾಲ್’ (ಗುರಿ ತಪ್ಪಿ ಎಸೆದ, ಬ್ಯಾಟರ್ ಹೊಡೆಯದೆ ಬಿಟ್ಟ ಚೆಂಡು) ಆದರೆ ಬ್ಯಾಟರ್ ಪುಕ್ಕಟೆ ಮೊದಲ ಬೇಸ್‌ಗೆ ನಡೆಯುತ್ತಾನೆ ಅನ್ನೋದನ್ನು ಹುಡುಕಿ. ನಾಲ್ಕು ಅನ್ನೋ ಇವತ್ತಿನ ನಿಯಮ ಬಂದದ್ದು 1889ರಲ್ಲಿ. ಐದು ಅಂತಿದ್ದರೆ 1887 ಅಥವಾ 1888. ಔಟ್ ಆಗಲು ನಾಲ್ಕು ಸ್ಟ್ರೈಕ್ (ಬ್ಯಾಟರ್ ಕಳೆದುಕೊಂಡ ಸರಿಯಾದ ಎಸೆತ) ಬೇಕು ಅಂತಿದ್ದರೆ ಇನ್ನೂ ಖಚಿತ: ಆ ನಿಯಮ 1887ರ ಒಂದೇ ಸೀಸನ್ ಇತ್ತು. ಮನೆಯ ಆಟದವರು ಹಳೇ ನಿಯಮವನ್ನು ಸ್ವಲ್ಪ ಕಾಲ ಹಾಗೇ ಅಚ್ಚು ಹಾಕಿರಲೂಬಹುದು, ಆದರೆ ಮುಂದೆ ಬರಲಿರುವ ನಿಯಮವನ್ನು ಯಾರೂ ಮೊದಲೇ ಅಚ್ಚು ಹಾಕಿರಲ್ಲ.

ಈ ಕಾರಣಕ್ಕೇ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ದೊಡ್ಡ ಆಟಗಾರನ ಕಾರ್ಡನ್ನು ಮಾತ್ರ ಕಿತ್ತುಕೊಂಡು ಮಾರಿ, ಡಬ್ಬ, ಹಾಳೆ, ಉಳಿದ ಕಾರ್ಡುಗಳನ್ನು ಎಸೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಟೈ ಕಾಬ್‌ನ ಚಿತ್ರ ಇನ್ನೆಲ್ಲಾದರೂ ಸಿಗುತ್ತದೆ. ಆ ಆಟವನ್ನು ಯಾರು ಮಾಡಿದರು, ಹೇಗೆ ಆಡುತ್ತಿದ್ದರು ಅನ್ನೋದು ಆ ಹರಿದ ಹಾಳೆಯಲ್ಲಿ ಮಾತ್ರ ಇರುತ್ತದೆ.

ದಾಖಲೆ ಹುಡುಕುವ ಜಾಗಗಳು

ಪೇಟೆಂಟ್‌ಗೆ ಗೂಗಲ್ ಪೇಟೆಂಟ್ಸ್ ಒಳ್ಳೆಯದು. ‘ಬೇಸ್ ಬಾಲ್’ ಅಂತ ಇಂಗ್ಲಿಷ್‌ನಲ್ಲಿ ಎರಡು ಪದವಾಗಿ ಬಿಡಿಸಿ ಹುಡುಕಿ, ಹಳಬರು ಬರೆಯುತ್ತಿದ್ದದ್ದು ಹಾಗೇ. ಸಿಗದಿದ್ದರೆ ಕಂಡುಹಿಡಿದವನ ಹೆಸರು, ಇಲ್ಲವೇ ತಾರೀಕಿನಿಂದ ಹುಡುಕಿ. ಹಳೇ ಅಚ್ಚನ್ನು ಕಂಪ್ಯೂಟರ್ ಓದುವಾಗ ಅಕ್ಷರ ತಪ್ಪಾಗುವುದು ಜಾಸ್ತಿ. ಎ63ಎಫ್ ಅನ್ನುವ ವರ್ಗದೊಳಗೆ ಕಾರ್ಡ್ ಆಟ, ಹಲಗೆ ಆಟಗಳೆಲ್ಲ ಬರುತ್ತವೆ, ಅದನ್ನು ವರ್ಷದ ಜೊತೆ ಸೇರಿಸಿದರೆ ಪಟ್ಟಿ ಚಿಕ್ಕದಾಗುತ್ತದೆ.

ಟ್ರೇಡ್‌ಮಾರ್ಕ್‌ಗೆ ಅಮೆರಿಕ ಪೇಟೆಂಟ್ ಕಚೇರಿಯ ಆನ್‌ಲೈನ್ ಹುಡುಕಾಟ ಇದೆ. ಆದರೆ ಎಷ್ಟೋ ದಶಕಗಳ ಹಿಂದೆಯೇ ಸತ್ತುಹೋದ ಹೆಸರುಗಳು ಅಲ್ಲಿ ಸಿಗುವುದು ಕಷ್ಟ. ಅದಕ್ಕೆ 1872ರಿಂದ ಬರುತ್ತಿರುವ ಆ ಕಚೇರಿಯ ವಾರದ ಗೆಜೆಟ್ ಬೇಕು. ಹಳೇ ಸಂಪುಟಗಳು ಹಾಥಿಟ್ರಸ್ಟ್ ಅನ್ನೋ ಡಿಜಿಟಲ್ ಗ್ರಂಥಾಲಯದಲ್ಲಿವೆ. ಕಾಪಿರೈಟ್ ನೋಂದಣಿಯ ಪಟ್ಟಿಗಳು 1891ರಿಂದ ಈಚೆಗೆ ಅಚ್ಚಾಗಿವೆ, ಅವೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ವರ್ಷದ ಕೊನೆಯ ಸೂಚಿಯಿಂದ ಶುರು ಮಾಡಿದರೆ ಸಮಯ ಉಳಿಯುತ್ತದೆ.

ಪೇಟೆಂಟ್ ತೀರಿದ ಮೇಲೆ ಏನಾಗುತ್ತದೆ ಅನ್ನೋದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. ವಿಸ್ಕಾನ್ಸಿನ್‌ನ ಗ್ರೀನ್ ಬೇಯಲ್ಲಿದ್ದ ಕ್ಲಿಫರ್ಡ್ ವ್ಯಾನ್ ಬೀಕ್ 1920ರ ದಶಕದಲ್ಲಿ ಒಂದು ಆಟಕ್ಕೆ ಪೇಟೆಂಟ್ ಪಡೆದ. ದಾಳ ಹಾಕಿ, ಬಂದ ಸಂಖ್ಯೆಯನ್ನು ಆಟಗಾರನ ಕಾರ್ಡಿನಲ್ಲಿ ನೋಡಿದರೆ ಅವನ ನಿಜವಾದ ಆಟಕ್ಕೆ ಹತ್ತಿರದ ಫಲಿತಾಂಶ ಬರುತ್ತದೆ. ‘ನ್ಯಾಷನಲ್ ಪಾಸ್‌ಟೈಮ್’ ಅನ್ನುವ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದಾಗ ಅಮೆರಿಕ ಮಹಾ ಆರ್ಥಿಕ ಕುಸಿತದಲ್ಲಿತ್ತು, ಆಟ ಮಾರುಕಟ್ಟೆಯಲ್ಲಿ ಉಳಿಯಲಿಲ್ಲ. ಆಗ ಪೇಟೆಂಟ್‌ಗೆ 17 ವರ್ಷದ ಆಯಸ್ಸು. 1951ರಲ್ಲಿ ಪೆನ್ಸಿಲ್ವೇನಿಯಾದ ರಿಚರ್ಡ್ ಸೈಟ್ಜ್ ಅದೇ ಜಾಡಿನಲ್ಲಿ ‘ಎಪಿಬಿಎ’ ಆಟ ಶುರು ಮಾಡುವ ಹೊತ್ತಿಗೆ ಆ ಹಕ್ಕು ಮುಗಿದಿತ್ತು. ವಿಧಾನ ಎಲ್ಲರದಾಗಿತ್ತು, ಹೆಸರು ಮಾತ್ರ ಹೊಸದು.

ಆಟಗಾರನ ಮುಖದ ಮೇಲೆ ಯಾರ ಹಕ್ಕು?

1951ರಲ್ಲೇ ಟಾಪ್ಸ್ ಕಂಪನಿ ಕೆಂಪು ಬೆನ್ನು, ನೀಲಿ ಬೆನ್ನು ಅಂತ ತಲಾ 52 ಕಾರ್ಡಿನ ಎರಡು ಕಟ್ಟು ತಂದಿತು. ದುಂಡು ಮೂಲೆ, ಕಾರ್ಡಿಗೊಂದು ಫಲಿತಾಂಶ, ಪಕ್ಕಾ ಆಟದ ಕಾರ್ಡು. ಗಮ್ ಜೊತೆ ಆಟಗಾರರ ಚಿತ್ರ ಮಾರುವ ಒಪ್ಪಂದ ಬೌಮನ್ ಕಂಪನಿಯ ಕೈಲಿತ್ತು, ಹಾಗಾಗಿ ಟಾಪ್ಸ್ ಇದನ್ನು ಕ್ಯಾರಮೆಲ್ ಜೊತೆ ಮಾರಿತು. ಎರಡೂ ಕಡೆಯವರು ಆಟಗಾರರ ಸಹಿಗಾಗಿ ಜಗಳವಾಡಿದರು. ಬೌಮನ್‌ನ ಉತ್ತರಾಧಿಕಾರಿಯಾದ ಹೇಲನ್ ಲ್ಯಾಬೊರೇಟರೀಸ್ ಟಾಪ್ಸ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ 1953ರಲ್ಲಿ ನ್ಯಾಯಾಧೀಶ ಜೆರೋಮ್ ಫ್ರ್ಯಾಂಕ್ ಒಂದು ಹೊಸ ಹಕ್ಕಿಗೆ ಹೆಸರಿಟ್ಟರು: ತನ್ನ ಹೆಸರು, ಚಿತ್ರದಿಂದ ಬರುವ ಪ್ರಚಾರದ ಬೆಲೆ ಆ ವ್ಯಕ್ತಿಗೇ ಸೇರಿದ್ದು, ಅದನ್ನು ಅವನು ಬೇರೆಯವರಿಗೆ ಕೊಡಬಹುದು. ಸಿನಿಮಾ ತಾರೆಯರವರೆಗೂ ಇವತ್ತು ಬಳಸುವ ಹಕ್ಕು ಬೇಸ್‌ಬಾಲ್ ಕಾರ್ಡಿನ ಜಗಳದಿಂದ ಬಂತು.

1956ರಲ್ಲಿ ಟಾಪ್ಸ್ ಬೌಮನ್ ಅನ್ನೇ ಕೊಂಡುಕೊಂಡಿತು. ಆ ಹೆಸರು ದಶಕಗಳ ಕಾಲ ಸುಮ್ಮನಿದ್ದು 1989ರಲ್ಲಿ ಮತ್ತೆ ಕಾರ್ಡಿನ ಮೇಲೆ ಬಂತು. ಹೆಸರೊಂದನ್ನೇ ನೋಡಿ ಕಾರ್ಡಿನ ವಯಸ್ಸು ಹೇಳಬಾರದು ಅನ್ನೋದು ಇದಕ್ಕೇ.

ನೀವು ಸ್ಕ್ಯಾನ್ ಮಾಡಿ ಹಂಚಿಕೊಳ್ಳುವುದಾದರೆ: ಅಮೆರಿಕದಲ್ಲಿ ಪ್ರಕಟವಾಗಿ 95 ವರ್ಷ ದಾಟಿದ ಚಿತ್ರ, ಬರಹಕ್ಕೆ ಅಲ್ಲಿ ಕಾಪಿರೈಟ್ ಉಳಿದಿಲ್ಲ. ಅದೇ ಹೆಸರಿನಲ್ಲಿ ಹೊಸ ಆಟ ಮಾಡಿ ಮಾರುವುದಾದರೆ ಮಾತ್ರ ಟ್ರೇಡ್‌ಮಾರ್ಕ್ ಇನ್ನೂ ಜೀವಂತ ಇದೆಯಾ ನೋಡಿಕೊಳ್ಳಬೇಕು.

ಕೊಳ್ಳುವ ಮುಂಚೆ

ನಕಲಿ ಬಹಳ. ಕತ್ತಲೆ ಕೋಣೆಯಲ್ಲಿ ಅತಿನೇರಳೆ ಟಾರ್ಚ್ ಹಾಕಿ ನೋಡಿ. ಕಾಗದ ನೀಲಿ ಬಿಳಿಯಾಗಿ ಫಳಫಳ ಹೊಳೆದರೆ ಅದರಲ್ಲಿ ಬಿಳುಪು ಕೊಡುವ ರಾಸಾಯನಿಕ ಇದೆ, ಕಾಗದಕ್ಕೆ ಅದನ್ನು ಹಾಕುವ ರೂಢಿ ಬಂದದ್ದು ಎರಡನೇ ಮಹಾಯುದ್ಧದ ನಂತರ. ಹೊಳೆಯದ ಕಾರ್ಡೆಲ್ಲ ಅಸಲಿ ಅಂತ ಮಾತ್ರ ಅಂದುಕೊಳ್ಳಬೇಡಿ. ಭೂತಗನ್ನಡಿಯಲ್ಲಿ ಒಂದೇ ಬಣ್ಣದ ಹಳೇ ಫೋಟೋ ನೀಲಿ, ಗುಲಾಬಿ, ಹಳದಿ ಚುಕ್ಕೆಗಳಾಗಿ ಒಡೆದು ಕಂಡರೆ ಅದು ಇತ್ತೀಚಿನ ಅಚ್ಚು.

ಕೊಂಡ ಮೇಲೆ ಟೇಪ್ ಹಚ್ಚಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ, ರಬ್ಬರ್ ಬ್ಯಾಂಡ್ ಹಾಕಬೇಡಿ. ನಿಯಮದ ಹಾಳೆಯನ್ನು ಮಡಿಕೆ ಬಿಡಿಸಿ ಆಮ್ಲವಿಲ್ಲದ ಕಾಗದದ ನಡುವೆ ಇಡಿ. ನೀವು ಪತ್ತೆ ಮಾಡಿದ್ದನ್ನೆಲ್ಲ, ಅಂದರೆ ಪೇಟೆಂಟ್ ತಾರೀಕು, ಗೆಜೆಟ್‌ನ ಪುಟ, ಯಾವ ಆಟಗಾರನಿಂದ ಯಾವ ವರ್ಷ ಸಿಕ್ಕಿತು ಅನ್ನೋದನ್ನು, ಒಂದು ಬೇರೆ ಹಾಳೆಯಲ್ಲಿ ಪೆನ್ಸಿಲ್‌ನಿಂದ ಬರೆದು ಡಬ್ಬದ ಜೊತೆಗೇ ಇಡಿ. ಡಬ್ಬ ಮುಂದೆ ಯಾರ ಕೈಗೆ ಹೋದರೂ ಅವರು ಮತ್ತೆ ಮೊದಲಿನಿಂದ ಹುಡುಕಬೇಕಾಗಿಲ್ಲ.